ಎರಡು ಬಾವುಟ, ಹಲವು ಹಾಡು

ಬೆಂಗಳೂರಿನಿಂದ ಯಲಹಂಕ, ದೊಡ್ಡಬಳ್ಳಾಪುರ ಹಾದು ಹಿಂದೂಪುರದ ಕಡೆಗೆ ಸಾಗುವ ರೈಲುದಾರಿಯಲ್ಲಿ ಗೌರಿಬಿದನೂರು ದಾಟಿದ ಮೇಲೆ ಒಂದು ಪುಟ್ಟ ನಿಲ್ದಾಣ ಸಿಗುತ್ತದೆ. ಹೆಸರು ವಿದುರಾಶ್ವತ್ಥ. ರಸ್ತೆಯಲ್ಲಿ ಹೋದರೆ ಗೌರಿಬಿದನೂರಿನಿಂದ ಆರು ಕಿಲೋಮೀಟರು. ಪಕ್ಕದಲ್ಲಿ ಉತ್ತರ ಪಿನಾಕಿನಿ. ನದಿ ಎಂದು ಕರೆಯುವುದು ಅಭ್ಯಾಸಬಲದಿಂದ. ವರ್ಷದ ಬಹುಪಾಲು ಅಲ್ಲಿ ಕಾಣುವುದು ಮರಳು, ಪೊದೆ, ಅಲ್ಲಲ್ಲಿ ಮೇಯುವ ಕುರಿ. ಮಹಾಭಾರತದ ವಿದುರ ನೆಟ್ಟ ಅಶ್ವತ್ಥ ಮರ ಇಲ್ಲಿತ್ತೆಂಬುದು ಸ್ಥಳಪುರಾಣ. ಆ ಹಳೆಯ ಮರ 2001ರಲ್ಲಿ ಉರುಳಿತು. ಆದರೆ ಮರದ ಬುಡಕ್ಕೆ ಬಂದು ಸೇರಿದ ನಾಗರಕಲ್ಲುಗಳು ಹಾಗೆಯೇ ಉಳಿದಿವೆ. ಒಂದರ ಪಕ್ಕ ಒಂದು, ಒಂದರ ಹಿಂದೆ ಇನ್ನೊಂದು, ಸಾವಿರಗಟ್ಟಲೆ. ಮಕ್ಕಳಾಗಲೆಂದು, ಮದುವೆ ಕೂಡಿಬರಲೆಂದು ಹರಕೆ ಹೊತ್ತವರು ಕರ್ನಾಟಕದಿಂದಲೂ ಆಂಧ್ರದಿಂದಲೂ ಬಂದು ನಿಲ್ಲಿಸಿದ ಕಲ್ಲುಗಳು ಅವು.

ಊರಿಗೆ ಬಂದವರು ಅಶ್ವತ್ಥನಾರಾಯಣಸ್ವಾಮಿಗೆ ಕೈಮುಗಿದು ಅಲ್ಲಿಗೇ ಹಿಂದಿರುಗುವುದಿಲ್ಲ. ಇಲ್ಲಿ ನೋಡಲು ಹುತಾತ್ಮರ ಸ್ಮಾರಕವಿದೆ. ಸ್ವಾತಂತ್ರ್ಯ ಹೋರಾಟದ ಚಿತ್ರಗಳನ್ನು ಜೋಡಿಸಿಟ್ಟ ವೀರಸೌಧವಿದೆ. ಶಾಲೆಯ ಪ್ರವಾಸದ ಬಸ್ಸುಗಳು ಬಂದು ನಿಲ್ಲುವುದು ಅದರ ಮುಂದೆಯೇ. ಮಕ್ಕಳು ಸಾಲಾಗಿ ಒಳಗೆ ಹೋಗಿ, ಚಿತ್ರಗಳನ್ನು ನೋಡಿ, ಟಿಪ್ಪಣಿ ಬರೆದುಕೊಂಡು ಹೊರಬರುತ್ತಾರೆ. ‘ಕರ್ನಾಟಕದ ಜಲಿಯನ್‌ವಾಲಾಬಾಗ್’ ಎಂಬ ಮಾತು ಎಲ್ಲರ ಟಿಪ್ಪಣಿಯಲ್ಲೂ ಇರುತ್ತದೆ. ಇರಲೇಬೇಕಾದ ಮಾತು ಅದು. ಆದರೆ ಚಿತ್ರಗಳಲ್ಲಿ ಹಿಡಿಯಲಾಗದ ಒಂದು ಸಂಗತಿ ಉಳಿದುಬಿಡುತ್ತದೆ. ಅದು ಆ ಕಾಲದ ದನಿ.

ಹಾಡಿದ್ದೂ ಅಪರಾಧ

1938ರ ಏಪ್ರಿಲ್. ಮೈಸೂರು ಸಂಸ್ಥಾನದಲ್ಲಿ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಕಾಂಗ್ರೆಸ್ಸಿನ ತ್ರಿವರ್ಣ ಬಾವುಟ ಹಾರಿಸುವುದಕ್ಕೆ ಸರ್ಕಾರದ ಅಡ್ಡಿ. ಅದನ್ನು ಮೀರಿ ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ಬಾವುಟ ಏರಿತು. ಎರಡು ವಾರ ಕಳೆಯಿತು. ವಿದುರಾಶ್ವತ್ಥದಲ್ಲಿ ಚೈತ್ರದ ಜಾತ್ರೆ. ಸುತ್ತಲ ಹಳ್ಳಿಗಳ ಜನ ಗಾಡಿ ಕಟ್ಟಿಕೊಂಡು ಬಂದಿದ್ದರು. ಏಪ್ರಿಲ್ 25ರಂದು ನಿಷೇಧಾಜ್ಞೆಯ ನಡುವೆಯೇ ಸತ್ಯಾಗ್ರಹಿಗಳು ಸಭೆ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯನ್ನು ಸರ್ಕಾರ ಹತ್ತರ ಆಸುಪಾಸಿನಲ್ಲಿ ಹೇಳಿತು. ಜನರ ಬಾಯಲ್ಲಿ ಉಳಿದ ಲೆಕ್ಕ 32.

ಸುದ್ದಿ ಗಾಂಧೀಜಿಯವರನ್ನು ಮುಟ್ಟಿತು. ಅವರು ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಮೈಸೂರಿಗೆ ಕಳಿಸಿದರು. ಮೇ ತಿಂಗಳಲ್ಲಿ ಆದ ಒಪ್ಪಂದಕ್ಕೆ ಪಟೇಲ್–ಮಿರ್ಜಾ ಒಪ್ಪಂದವೆಂದು ಹೆಸರು. ಅದರಂತೆ ಸಂಸ್ಥಾನದ ಬಾವುಟ, ಕಾಂಗ್ರೆಸ್ಸಿನ ಬಾವುಟ ಎರಡನ್ನೂ ಜತೆಯಾಗಿ ಹಾರಿಸಬಹುದು ಎಂದಾಯಿತು. ಇದಿಷ್ಟು ಪಠ್ಯಪುಸ್ತಕದಲ್ಲಿ ಸಿಗುವ ವಿಷಯ.

ಬಾವುಟ ಎರಡಾದಂತೆ ಆಗ ಹಾಡೂ ಎರಡು ಬಗೆಯವಿದ್ದವು. ಸಂಸ್ಥಾನಕ್ಕೆ ತನ್ನದೇ ನಾಡಗೀತೆ ಇತ್ತು. ಚಾಮರಾಜೇಂದ್ರ ಒಡೆಯರ ಆಸ್ಥಾನ ಕವಿ ಬಸವಪ್ಪಶಾಸ್ತ್ರಿಗಳು ಬರೆದ ‘ಕಾಯೌ ಶ್ರೀಗೌರಿ’ ಅದು. ಅರಮನೆಯ ಬ್ಯಾಂಡಿನವರು ಅದನ್ನು ನುಡಿಸುವಾಗ ಎಲ್ಲರೂ ಎದ್ದು ನಿಲ್ಲಬೇಕು. ಶಾಲೆಯ ಮಕ್ಕಳಿಗೂ ಅದು ಬಾಯಿಪಾಠ. ಇನ್ನೊಂದು ಕಡೆ, ಮೆರವಣಿಗೆಯಲ್ಲಿ ನಡೆಯುವವರು ಹಾಡುತ್ತಿದ್ದ ಹಾಡುಗಳು. ಬಂಕಿಮಚಂದ್ರರ ‘ವಂದೇ ಮಾತರಂ’. ಕಾನ್ಪುರದ ಶ್ಯಾಮಲಾಲ್ ಗುಪ್ತ ‘ಪಾರ್ಷದ್’ 1924ರಲ್ಲಿ ಬರೆದ ಹಿಂದಿ ಝಂಡಾ ಗೀತೆ. ಮೊದಲನೆಯದನ್ನು ಕೇಳಲು ಎದ್ದು ನಿಂತರೆ ಸಾಕು. ಎರಡನೆಯ ಬಗೆಯವನ್ನು ಬಾಯಿಬಿಟ್ಟು ಹಾಡಬೇಕು, ಹಾಡುತ್ತ ನಡೆಯಬೇಕು, ಬೇಕಾದರೆ ಅದಕ್ಕಾಗಿ ಏಟು ತಿನ್ನಬೇಕು.

ಬಾವುಟವನ್ನು ಕಸಿದುಕೊಂಡು ಹರಿದು ಹಾಕಬಹುದು. ಹಾಡನ್ನು ಕಸಿದುಕೊಳ್ಳುವುದು ಕಷ್ಟ. ಕೇಳಿದ ಹಾಡನ್ನು ಹತ್ತು ಜನ ಮನೆಗೆ ಕೊಂಡೊಯ್ಯುತ್ತಾರೆ. ಮಾರನೆಯ ದಿನ ಅದು ಹೊಲದಲ್ಲಿ, ಬಾವಿಕಟ್ಟೆಯಲ್ಲಿ ಕೇಳಿಸುತ್ತದೆ. ಜನಪ್ರಿಯ ಸಂಗೀತದ ಚರಿತ್ರೆಯೆಂದರೆ ಗಾಯಕರ ಹೆಸರು, ಮಾರಾಟವಾದ ತಟ್ಟೆಗಳ ಲೆಕ್ಕ ಎಂದು ತಿಳಿಯುವುದು ವಾಡಿಕೆ. ನಿಜವಾಗಿ ಆ ಚರಿತ್ರೆಯ ದೊಡ್ಡ ಗಳಿಗೆಗಳು ಬೇರೆ. ಕೇಳುತ್ತ ನಿಂತವರು ತಾವೇ ಹಾಡತೊಡಗಿದ ಗಳಿಗೆಗಳು ಅವು. ವಿದುರಾಶ್ವತ್ಥವನ್ನು ನಡುವೆ ಇಟ್ಟುಕೊಂಡು ಸುತ್ತಲಿನ ಊರುಗಳನ್ನು ಸುತ್ತಿ ಬಂದರೆ ಅಂಥ ಗಳಿಗೆಗಳು ಬೇಕಾದಷ್ಟು ಸಿಗುತ್ತವೆ.

ಒಂದೇ ವರ್ಷದ ಮೂರು ಹಾಡು

1924 ಎಂಬ ವರ್ಷವನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕು. ಕಾನ್ಪುರದಲ್ಲಿ ಝಂಡಾ ಗೀತೆ ಹುಟ್ಟಿದ ವರ್ಷ ಅದು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ ಅದು. ಅಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಹಾಡು ಕೇಳಿಸಿತು. ಅಂದು ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ ಇದ್ದರು. ಹಲವು ರಾಜ್ಯಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ನಾರಾಯಣರಾಯರ ಆ ಹಾಡು ಏಕೀಕರಣದ ಹಾಡಾಯಿತು. ಅದೇ 1924ರಲ್ಲಿ ಮೈಸೂರಿನಲ್ಲಿ ಇನ್ನೂ ಇಪ್ಪತ್ತರ ತರುಣ ಕುವೆಂಪು ಮತ್ತೊಂದು ಪದ್ಯ ಬರೆದರು. ಎಂಬತ್ತು ವರ್ಷಗಳ ನಂತರ, 2004ರ ಜನವರಿಯಲ್ಲಿ, ಅದನ್ನು ಸರ್ಕಾರ ಕರ್ನಾಟಕದ ನಾಡಗೀತೆಯೆಂದು ಘೋಷಿಸಿತು.

ಮೂವರು ಕವಿಗಳಿಗೆ ಪರಸ್ಪರ ಪರಿಚಯವಿರಲಿಲ್ಲ. ಒಬ್ಬರು ಬ್ರಿಟಿಷ್ ಆಳ್ವಿಕೆಯ ಉತ್ತರ ಭಾರತದವರು, ಒಬ್ಬರು ಮುಂಬಯಿ ಪ್ರಾಂತದವರು, ಇನ್ನೊಬ್ಬರು ಸಂಸ್ಥಾನದವರು. ಮೂರೂ ಹಾಡುಗಳು ಅಚ್ಚಾದ ಪುಟಕ್ಕಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ ದಾಟಿ ಬದುಕಿದವು.

ಮದನಪಲ್ಲೆಯ ರಾಗ

ಚಿಂತಾಮಣಿಯಿಂದ ಪೂರ್ವಕ್ಕೆ ಹೊರಟು ಆಂಧ್ರದ ಗಡಿ ದಾಟಿದರೆ ಮದನಪಲ್ಲೆ. ಟೊಮೆಟೊ ಮಾರುಕಟ್ಟೆಗೆ ಹೆಸರಾದ ಊರು. ಈ ಭಾಗದ ರೈತರು ಅಲ್ಲಿಗೆ ಹೋಗಿ ಬರುವುದು ಮಾಮೂಲು. ಆದರೆ ದಿನವೂ ಶಾಲೆಯಲ್ಲಿ ರಾಷ್ಟ್ರಗೀತೆ ಹಾಡುವ ಮಕ್ಕಳಿಗೆ ಆ ಊರಿನ ಋಣವಿದೆಯೆಂಬುದು ಹಲವರಿಗೆ ಗೊತ್ತಿಲ್ಲ.

ರವೀಂದ್ರನಾಥ ಟಾಗೋರರ ‘ಜನಗಣಮನ’ ಮೊದಲು ಕೇಳಿಬಂದದ್ದು 1911ರ ಡಿಸೆಂಬರ್ 27ರಂದು, ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ. ದಕ್ಷಿಣದ ಪ್ರವಾಸದಲ್ಲಿದ್ದ ಟಾಗೋರರು 1919ರ ಫೆಬ್ರವರಿಯಲ್ಲಿ ಮದನಪಲ್ಲೆಯ ಥಿಯಾಸಾಫಿಕಲ್ ಕಾಲೇಜಿನಲ್ಲಿ ತಂಗಿದರು. ಕಾಲೇಜಿನ ಪ್ರಾಂಶುಪಾಲರು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. ಅವರ ಪತ್ನಿ ಮಾರ್ಗರೆಟ್ ಕಸಿನ್ಸ್ ಪಾಶ್ಚಾತ್ಯ ಸಂಗೀತ ಕಲಿತವರು. ಒಂದು ಸಂಜೆ ಟಾಗೋರರು ಈ ಹಾಡನ್ನು ಹಾಡಿದರು. ಬಂಗಾಳಿ ಬಾರದ ಹುಡುಗರು ಪಲ್ಲವಿಗೆ ದನಿಗೂಡಿಸಿದರು. ಮಾರ್ಗರೆಟ್ ಆ ರಾಗವನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದಿಟ್ಟರು. ಅಲ್ಲಿಯೇ, ಫೆಬ್ರವರಿ 28ರಂದು, ಟಾಗೋರರು ಅದನ್ನು ಇಂಗ್ಲಿಷಿಗೆ ಅನುವಾದಿಸಿದರು.

ಬಂಗಾಳದ ಕವಿ, ಐರಿಷ್ ಮಹಿಳೆ, ತೆಲುಗು ನೆಲ, ಬೇರೆ ಬೇರೆ ಮನೆಮಾತಿನ ವಿದ್ಯಾರ್ಥಿಗಳು. ಇಷ್ಟು ಜನ ಸೇರಿದ ಸಂಜೆಯಲ್ಲಿ ಒಂದು ಹಾಡು ಬಂಗಾಳದ ಆಚೆಗೂ ಕಾಲೂರಿತು. 1950ರ ಜನವರಿ 24ರಂದು ಅದು ರಾಷ್ಟ್ರಗೀತೆಯೆಂದು ಮಾನ್ಯವಾಯಿತು. ‘ವಂದೇ ಮಾತರಂ’ಗೂ ಅಂದೇ ಸಮಾನ ಗೌರವ ಸಂದಿತು.

‘ವಂದೇ ಮಾತರಂ’ ಹಾದುಬಂದ ದಾರಿ ಅಷ್ಟು ನುಣುಪಾಗಿರಲಿಲ್ಲ. 1896ರ ಅಧಿವೇಶನದಲ್ಲಿ ಅದನ್ನು ಹಾಡಿದವರೂ ಟಾಗೋರರೇ. ದೇವಿಯ ಸ್ತುತಿ ಬರುವ ಮುಂದಿನ ಚರಣಗಳ ಬಗ್ಗೆ ಮುಸ್ಲಿಮರಲ್ಲಿ ಆಕ್ಷೇಪವಿತ್ತು. 1937ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಮೊದಲ ಎರಡು ಚರಣಗಳನ್ನಷ್ಟೇ ಸಭೆಗಳಲ್ಲಿ ಹಾಡಬೇಕೆಂದು ತೀರ್ಮಾನಿಸಿತು. ಅಂದರೆ ವಿದುರಾಶ್ವತ್ಥದ ಜಾತ್ರೆಗೆ ಬರೀ ಆರು ತಿಂಗಳ ಹಿಂದೆ. ಎಲ್ಲರೂ ಕೂಡಿ ಹಾಡಬೇಕಾದರೆ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆ ಆಗಲೂ ಸುಲಭದ್ದಾಗಿರಲಿಲ್ಲ.

ಬಳೆಗಾರ ತಾತಯ್ಯ

ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ ಕಡೆಯ ಮನೆಗಳಲ್ಲಿ ಭಾಷೆಗೆ ಗೋಡೆಗಳಿಲ್ಲ. ಅಂಗಳದಲ್ಲಿ ಕನ್ನಡ, ಅಡುಗೆಮನೆಯಲ್ಲಿ ತೆಲುಗು. ಶಾಲೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು. ಈ ನೆಲಕ್ಕೆ ತಕ್ಕ ಹಾಡುಗಾರರು ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣಪ್ಪನವರು. ಜನ ಅವರನ್ನು ಕರೆಯುವುದು ಕೈವಾರ ತಾತಯ್ಯ ಎಂದೇ. ಬಳೆ ಮಾರುವುದು ಕಸುಬು. 1726ರಲ್ಲಿ ಹುಟ್ಟಿ 110 ವರ್ಷ ಬಾಳಿದರೆಂದು ಪರಂಪರೆ ಹೇಳುತ್ತದೆ. ತೆಲುಗಿನಲ್ಲೂ ಕನ್ನಡದಲ್ಲೂ ಕೀರ್ತನೆ, ತತ್ತ್ವಪದ ಕಟ್ಟಿದರು. ಅವರ ಕಾಲಜ್ಞಾನದ ಮಾತುಗಳನ್ನು ಇಂದಿಗೂ ಹಿರಿಯರು ಆಡಿಕೊಳ್ಳುತ್ತಾರೆ.

ಬಳೆಗಾರನ ಕಸುಬು ಮನೆ ಮನೆಗೆ ಹೋಗುವುದು. ಹಾಡು ಹರಡುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಆ ಕಾಲದಲ್ಲಿ ಯಾವುದಿತ್ತು? ಮುದ್ರಣವಿಲ್ಲದೆ, ತಟ್ಟೆಯಿಲ್ಲದೆ, ರೇಡಿಯೋ ಇಲ್ಲದೆ ಅವರ ಪದಗಳು ಭಜನೆ ಮಂಡಲಿಗಳ ಮೂಲಕ ಎರಡು ಶತಮಾನ ದಾಟಿದವು. ಈಗ ಕೈವಾರದಲ್ಲಿ ಗುರುಪೂರ್ಣಿಮೆಯ ಹೊತ್ತಿಗೆ ಹಗಲು ರಾತ್ರಿ ಎಡೆಬಿಡದೆ ಮೂರು ದಿನ ಸಂಗೀತೋತ್ಸವ ನಡೆಯುತ್ತದೆ. ವೇದಿಕೆಯ ಮೇಲೆ ಹೆಸರಾಂತ ವಿದ್ವಾಂಸರೂ ಇರುತ್ತಾರೆ, ಹಳ್ಳಿಯ ಭಜನೆ ತಂಡಗಳೂ ಇರುತ್ತವೆ. ತಾಳ ಹಿಡಿದ ಹಳ್ಳಿಯವರು ಪುಸ್ತಕ ನೋಡದೆ ಹಾಡುವುದನ್ನು ಪಟ್ಟಣದ ಮಕ್ಕಳು ಒಮ್ಮೆಯಾದರೂ ನೋಡಬೇಕು.

ನಡೆದು ಹೋದ ಹುಡುಗ

ವಿದುರಾಶ್ವತ್ಥದ ಹಾಗೆಯೇ ಗೌರಿಬಿದನೂರು ತಾಲ್ಲೂಕಿಗೆ ಸೇರಿದ ಇನ್ನೊಂದು ಊರು ಹೊಸೂರು. ಅಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ನರಸಿಂಹಯ್ಯ ಎಂಬ ಹುಡುಗ ಹೈಸ್ಕೂಲು ಓದುವ ಆಸೆಯಿಂದ 1935ರಲ್ಲಿ ಬೆಂಗಳೂರಿಗೆ ಹೊರಟ. ಬಸ್ಸಿಗೆ ದುಡ್ಡಿಲ್ಲ. ಸುಮಾರು 80 ಕಿಲೋಮೀಟರು ನಡೆದೇ ಹೋದ. ನ್ಯಾಷನಲ್ ಹೈಸ್ಕೂಲು ಸೇರಿದ. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿದವನು ಇದೇ ಹುಡುಗ.

ಗಾಂಧೀಜಿ ಈ ಸೀಮೆಗೆ ಹೊಸಬರೇನಲ್ಲ. 1927ರಲ್ಲಿ ಆರೋಗ್ಯ ಕೆಟ್ಟಾಗ ನಂದಿಬೆಟ್ಟದಲ್ಲಿ ವಾರಗಟ್ಟಲೆ ವಿಶ್ರಾಂತಿ ಪಡೆದಿದ್ದರು. 1936ರಲ್ಲಿ ಮತ್ತೆ ಬಂದಿದ್ದರು. ಅವರು ಎಲ್ಲಿ ತಂಗಿದರೂ ಸಂಜೆಯ ಸಾಮೂಹಿಕ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಹಾಡು ಬಲ್ಲವರು, ಬಾರದವರು ಎಂಬ ಭೇದವಿಲ್ಲದೆ ಎಲ್ಲರೂ ದನಿಗೂಡಿಸಬೇಕು. ಶಾಸ್ತ್ರೀಯ ಸಂಗೀತವನ್ನು ಜನಸಾಮಾನ್ಯರ ಬಳಿಗೆ ತಂದ ಪಂಡಿತ ವಿಷ್ಣು ದಿಗಂಬರ ಪಲುಸ್ಕರರು ರಾಗ ಕೂಡಿಸಿದ ರಾಮಧುನ್ ದೇಶದ ಮೂಲೆಮೂಲೆಗೆ ಮುಟ್ಟಿದ್ದು ಹೀಗೆ. ರಾಜಕೀಯ ಸಭೆಯಲ್ಲಿ ಭಾಷಣ ಮಾಡುವವನು ಒಬ್ಬ, ಕೇಳುವವರು ಸಾವಿರ. ಪ್ರಾರ್ಥನೆಯಲ್ಲಿ ಆ ಸಾವಿರ ಜನಕ್ಕೂ ಪಾಲು.

ಹೊಸೂರಿನ ಆ ಹುಡುಗ ಮುಂದೆ ಭೌತವಿಜ್ಞಾನಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, ಪದ್ಮಭೂಷಣ ಡಾ. ಎಚ್. ನರಸಿಂಹಯ್ಯ ಆದರು. 1942ರಲ್ಲಿ ಓದು ಬಿಟ್ಟು ಚಳವಳಿಗೆ ಇಳಿದು ಜೈಲು ಕಂಡರು. ‘ಎಚ್ಚೆನ್’ ಎಂದರೆ ಜನಕ್ಕೆ ನೆನಪಾಗುವುದು ಖಾದಿ, ಟೋಪಿ, ವೈಚಾರಿಕತೆ, ಪ್ರಶ್ನೆ ಕೇಳುವ ಹಟ. ಬೆಂಗಳೂರು ಲಲಿತಕಲಾ ಪರಿಷತ್ತನ್ನು ಸ್ಥಾಪಿಸಿ ಸಂಗೀತ ಕಛೇರಿಗಳಿಗೆ ನೆಲೆ ಒದಗಿಸಿದವರೂ ಅವರೇ ಎಂಬುದನ್ನು ಮರೆಯಬಾರದು. ವಿಜ್ಞಾನ ಓದುವ ಮಗ ಹಾಡು ಕೇಳಿದರೆ ಕೆಡುತ್ತಾನೆಂದು ಹೆದರುವ ತಂದೆತಾಯಿಗಳಿಗೆ ಈ ಒಂದು ಬದುಕು ಸಾಕು.

ತಟ್ಟೆಯಲ್ಲಿ ಹಿಡಿದ ದನಿ

ಇಷ್ಟು ಹೊತ್ತು ಹೇಳಿದ್ದು ಯಂತ್ರವಿಲ್ಲದ ಹಾಡಿನ ಕಥೆ. ಯಂತ್ರ ಬಂದ ಮೇಲಿನ ಕಥೆಗೂ ಮೈಸೂರು ಸಂಸ್ಥಾನಕ್ಕೂ ಒಂದು ಅಪರೂಪದ ನಂಟಿದೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಿಸಿಕೊಂಡ ಗೌಹರ್ ಜಾನ್ ಭಾರತದ ತಟ್ಟೆ ಸಂಗೀತದ ಮೊದಲ ತಾರೆ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ, ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ವೈಭವದ ದಿನಗಳೆಲ್ಲ ಮುಗಿದ ಮೇಲೆ ಅವರಿಗೆ ಆಶ್ರಯ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. 1928ರಲ್ಲಿ ಅವರು ಮೈಸೂರಿನ ಆಸ್ಥಾನಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಕಣ್ಣುಮುಚ್ಚಿದರು. ಐದು ವರ್ಷಗಳ ನಂತರ, 1935ರ ಸೆಪ್ಟೆಂಬರಿನಲ್ಲಿ, ಅದೇ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಖಾಸಗಿ ರೇಡಿಯೋ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಕೇಂದ್ರದಿಂದ. ಅದಕ್ಕೂ ಮೊದಲು, 1934ರಲ್ಲಿ, ‘ಸತಿ ಸುಲೋಚನಾ’ ಚಿತ್ರದೊಂದಿಗೆ ಬೆಂಗಳೂರಿನ ಬೆಳ್ಳಿತೆರೆಯ ಮೇಲೆ ಕನ್ನಡ ಮಾತೂ ಹಾಡೂ ಮೊದಲ ಬಾರಿ ಕೇಳಿಸಿದ್ದವು.

ಅಂದರೆ 1938ರ ಹೊತ್ತಿಗೆ ಸಂಸ್ಥಾನದಲ್ಲಿ ಗ್ರಾಮಾಫೋನು ಇತ್ತು, ರೇಡಿಯೋ ಇತ್ತು, ಟಾಕಿ ಇತ್ತು. ಆದರೆ ಆ ಯಂತ್ರಗಳನ್ನು ನದೀತೀರದ ಜಾತ್ರೆಗೆ ಹೊತ್ತು ತರುವಂತಿರಲಿಲ್ಲ. ತರಬೇಕೆಂದು ಯಾರಿಗೂ ತೋಚುವಂತೆಯೂ ಇರಲಿಲ್ಲ. ಹಣ ಕೊಟ್ಟು ಕೊಳ್ಳುವವರಿರುವ ದನಿಯನ್ನಷ್ಟೇ ಕಂಪನಿಗಳು ತಟ್ಟೆಗೆ ಇಳಿಸುತ್ತಿದ್ದವು. ಹೀಗಾಗಿ ಗೌಹರ್ ಜಾನರ ದನಿಯನ್ನು ಇವತ್ತೂ ಕೇಳಬಹುದು. ವಿದುರಾಶ್ವತ್ಥದಲ್ಲಿ ಸೇರಿದ್ದ ಸಾವಿರಾರು ರೈತರ ದನಿ ಗಾಳಿಯಲ್ಲಿ ಕರಗಿತು.

ಗಡಿ ದಾಟಿ ಬಂದ ಗಾಯಕರು

ಗುಂಡು ಹಾರಿದ ದಿನಕ್ಕೆ ಸರಿಯಾಗಿ ಎರಡು ದಿನ ಮೊದಲು, 1938ರ ಏಪ್ರಿಲ್ 23ರಂದು, ಗುಂಟೂರು ಜಿಲ್ಲೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಮುಂದೆ ಎಸ್. ಜಾನಕಿ ಎಂದು ಹೆಸರಾದ ಆ ಮಗುವಿನ ಮನೆಮಾತು ತೆಲುಗು. ಆದರೆ ಕನ್ನಡದ ಮನೆಗಳಲ್ಲಿ ಅವರ ದನಿ ಕೇಳದೆ ಬೆಳೆದವರಿಲ್ಲ. ಡಾ. ರಾಜಕುಮಾರರಿಗೆ ವರ್ಷಗಟ್ಟಲೆ ಕಂಠವಾಗಿದ್ದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ರಾಜ್ ತಾವೇ ಹಾಡಿದರು. ಎಮ್ಮೆಯ ಬೆನ್ನೇರಿ ಬಂದ ಆ ಹಾಡಿನಿಂದ ಕನ್ನಡಕ್ಕೆ ಇನ್ನೊಬ್ಬ ಗಾಯಕ ಸಿಕ್ಕರು. ಆದರೂ ಪಿ.ಬಿ.ಎಸ್. ಅವರ ಮೇಲಿನ ಅಭಿಮಾನ ಕರಗಲಿಲ್ಲ. ‘ನಕ್ಕರೆ ಅದೇ ಸ್ವರ್ಗ’ (1967) ಚಿತ್ರದಿಂದ ಕನ್ನಡಕ್ಕೆ ಬಂದ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಗದುಗಿನ ಪಂಚಾಕ್ಷರ ಗವಾಯಿಗಳ ಜೀವನಚಿತ್ರದ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಪಡೆದರು.

ತೆಲುಗಿನ ಮಹಾಗಾಯಕ ಘಂಟಸಾಲ ವೆಂಕಟೇಶ್ವರರಾಯರ ಕಥೆ ಇದರ ತಿರುವು. ಸಿನಿಮಾಕ್ಕೆ ಬರುವ ಮೊದಲು, 1942ರ ಚಳವಳಿಯಲ್ಲಿ ಸೆರೆಸಿಕ್ಕಿದ ಅವರು ಬಂಧನದ ದಿನಗಳನ್ನು ಕಳೆದದ್ದು ಬಳ್ಳಾರಿಯ ಅಲೀಪುರ ಸೆರೆಮನೆಯಲ್ಲಿ. ಅಂದರೆ ತೆಲುಗು ಗಂಟಲಿಗೆ ಕನ್ನಡ ನೆಲದ ಸೆರೆಮನೆ. ಕನ್ನಡ ಹಾಡಿಗೆ ತೆಲುಗು ನಾಡಿನ ಗಂಟಲು. ಹಿಂದೂಪುರದ ಚಿತ್ರಮಂದಿರಕ್ಕೆ ಗೌರಿಬಿದನೂರಿನವರು ಹೋಗುವುದು, ಇಲ್ಲಿಯದಕ್ಕೆ ಅಲ್ಲಿಯವರು ಬರುವುದು ಈ ಸೀಮೆಯಲ್ಲಿ ಸಹಜ ಸಂಗತಿ. ಭಾಷೆಯ ಹೆಸರಿನಲ್ಲಿ ಬೇರೆಡೆ ಜಗಳವಾದಾಗ ಇಲ್ಲಿಯವರು ಅಷ್ಟಾಗಿ ಬಿಸಿಯಾಗದಿರುವುದಕ್ಕೆ ಇಂಥ ಹಾಡುಗಳೂ ಒಂದು ಕಾರಣವಿದ್ದೀತು.

ಕ್ಯಾಸೆಟ್ ಬಂತು

ವಿದುರಾಶ್ವತ್ಥದಿಂದ ಬೆಂಗಳೂರಿಗೆ ನಂದಿಬೆಟ್ಟದ ಪಕ್ಕದ ಹಾದಿ ಹಿಡಿದು ಮರಳಿದರೆ ದೇವನಹಳ್ಳಿ ಸಿಗುತ್ತದೆ. ಈಗ ಅದು ವಿಮಾನ ನಿಲ್ದಾಣದ ಊರು. 1936ರಲ್ಲಿ ಕವಿ ಕೆ.ಎಸ್. ನಿಸಾರ್ ಅಹಮದ್ ಹುಟ್ಟಿದ್ದು ಅಲ್ಲಿ. ಅವರ ‘ನಿತ್ಯೋತ್ಸವ’ವನ್ನು ಮೈಸೂರು ಅನಂತಸ್ವಾಮಿಯವರು ರಾಗಕ್ಕೆ ಅಳವಡಿಸಿದರು. 1978ರಲ್ಲಿ ಅದು ಧ್ವನಿಸುರುಳಿಯಾಗಿ ಹೊರಬಂತು. ಕನ್ನಡ ಭಾವಗೀತೆ ಕ್ಯಾಸೆಟ್ಟಿನ ಹಾದಿ ಹಿಡಿದದ್ದು ಆಗ. ಮೊದಲು ಪಿ. ಕಾಳಿಂಗರಾಯರು ಊರೂರು ಅಲೆದು ಕವಿತೆಗಳನ್ನು ಜನರ ಕಿವಿಗೆ ಮುಟ್ಟಿಸಿದ್ದರು. ಈಗ ಅದೇ ಕೆಲಸವನ್ನು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ ಮಾಡತೊಡಗಿತು. ಸಿ. ಅಶ್ವತ್ಥ್ ಅವರ ದನಿಯಲ್ಲಿ ಶಿಶುನಾಳ ಷರೀಫರ ತತ್ತ್ವಪದಗಳು ಧಾರವಾಡ ಸೀಮೆಯಿಂದ ಕೋಲಾರದ ಕಡೆಗೂ ಬಂದವು. 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ ಹಳ್ಳಿಯ ಬಸ್ಸುಗಳನ್ನೂ ಬಿಡಲಿಲ್ಲ.

ಕ್ಯಾಸೆಟ್ಟಿನ ಮತ್ತೊಂದು ಗುಣ ಗ್ರಾಮಾಫೋನಿಗೆ ಇರಲಿಲ್ಲ. ಕೇಳುವ ಯಂತ್ರದಲ್ಲಿಯೇ ಕೆಂಪು ಗುಂಡಿ ಒತ್ತಿದರೆ ದನಿ ಹಿಡಿಯಬಹುದಿತ್ತು. ಅಜ್ಜಿಯ ಸೋಬಾನೆ ಪದ, ಊರ ಭಜನೆ, ಮಗುವಿನ ತೊದಲು ಮಾತು ಎಲ್ಲವೂ ಅದರಲ್ಲಿ ಸೇರಿದವು. ಮುಂದೆ ಅದರ ಮೇಲೆಯೇ ಸಿನಿಮಾ ಹಾಡು ತುಂಬಿಸಿಕೊಂಡು ಅಜ್ಜಿಯ ದನಿ ಕಳೆದುಕೊಂಡ ಮನೆಗಳೂ ಇವೆ.

ಅದೇ ಕಾಲದಲ್ಲಿ ಕ್ಯಾಸೆಟ್ಟಿನ ಹಂಗಿಲ್ಲದೆಯೂ ಹಾಡು ಹರಡಿತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದಾಗ ಸಿದ್ದಲಿಂಗಯ್ಯನವರ ಪದ್ಯಗಳು ತಮಟೆಯ ಜತೆಗೆ ಮೆರವಣಿಗೆಯ ಹಾಡಾದವು. ಅವಿಭಜಿತ ಕೋಲಾರ ಜಿಲ್ಲೆ ಅಂಥ ಹಾಡಿನ ಗಟ್ಟಿ ನೆಲೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು; ಹಾಡು ಭಾಗವಾಗಲಿಲ್ಲ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ‘ಆದಿಮ’ದವರು ನಡೆಸಿಕೊಂಡು ಬಂದ ಹುಣ್ಣಿಮೆ ಹಾಡಿಗೆ ಗಡಿಯ ಎರಡೂ ಕಡೆಯವರು ಬೆಳದಿಂಗಳಲ್ಲಿ ಕುಳಿತು ದನಿಗೂಡಿಸಿದ್ದಾರೆ.

ತಮಟೆಗೆ ಬಂದ ಪದ್ಮಶ್ರೀ

ಶಿಡ್ಲಘಟ್ಟ ರೇಷ್ಮೆಗೂಡಿನ ಮಾರುಕಟ್ಟೆಗೆ ಪ್ರಸಿದ್ಧ. 2023ರ ಜನವರಿಯಲ್ಲಿ ಆ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಹೆಸರು ಪತ್ರಿಕೆಗಳಲ್ಲಿ ಬಂತು. ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಸಂದಿತ್ತು. ಹಬ್ಬ, ಜಾತ್ರೆ, ಮೆರವಣಿಗೆ, ಸಾವು ಎಲ್ಲಕ್ಕೂ ತಮಟೆ ಬೇಕು. ಬಾರಿಸುವವನು ಮಾತ್ರ ಊರ ಹೊರಗಿರಬೇಕು ಎನ್ನುವುದು ತಲೆಮಾರುಗಳ ರಿವಾಜು. ಅಂಥ ವಾದ್ಯವನ್ನು ಕೈಬಿಡದೆ ಎಳೆಯರಿಗೂ ಕಲಿಸಿಕೊಟ್ಟವರು ಅವರು. ವೀಣೆಗೆ, ಕೊಳಲಿಗೆ ಸಲ್ಲುವ ಗೌರವ ತಮಟೆಗೂ ಸಂದ ಆ ದಿನವನ್ನು ಈ ಜಿಲ್ಲೆಯ ಸಂಗೀತ ಚರಿತ್ರೆಯಲ್ಲಿ ಗುರುತು ಹಾಕಿಡಬೇಕು.

ವಿದುರಾಶ್ವತ್ಥದಂಥ ಜಾತ್ರೆಯನ್ನು ಕಣ್ಣಮುಂದೆ ತಂದುಕೊಂಡರೆ ಇದರ ಅರ್ಥ ಇನ್ನೂ ಸ್ಪಷ್ಟವಾಗುತ್ತದೆ. ಧ್ವನಿವರ್ಧಕವಿಲ್ಲದ ಕಾಲದ ಜಾತ್ರೆಗೆ ಜನರನ್ನು ಕೂಡಿಸುವ ದನಿ ಚರ್ಮವಾದ್ಯದ್ದು. ಹಾಡಿನ ಪದ ಮರೆತವನ ಕಾಲೂ ಆ ಪೆಟ್ಟಿಗೆ ಹೆಜ್ಜೆ ಹಾಕುತ್ತದೆ. ಚರಿತ್ರೆಯ ಪುಸ್ತಕಗಳಲ್ಲಿ ಭಾಷಣಕಾರರ ಹೆಸರು ಉಳಿಯಿತು, ಬಾರಿಸಿದವರದು ಉಳಿಯಲಿಲ್ಲ.

ಎರಡೂವರೆ ನಿಮಿಷ

ನಾಡಗೀತೆಗೆ ಕವಿ ಒಬ್ಬರೇ ಆದರೂ ರಾಗ ಒಂದೇ ಆಗಿರಲಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿ ಕೆಲವರಿಗೆ, ಸಿ. ಅಶ್ವತ್ಥ್ ಅವರ ಧಾಟಿ ಕೆಲವರಿಗೆ. ವರ್ಷಗಟ್ಟಲೆ ಚರ್ಚೆ ನಡೆಯಿತು. ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಗೊತ್ತುಮಾಡಿತು. ಅದನ್ನು ಪ್ರಶ್ನಿಸಿದ ಅರ್ಜಿ ಹೈಕೋರ್ಟಿಗೆ ಹೋಗಿ 2024ರ ಏಪ್ರಿಲಿನಲ್ಲಿ ವಜಾ ಆಯಿತು. ಒಂದು ಹಾಡಿನ ರಾಗಕ್ಕಾಗಿ ಜನ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾರೆಂದರೆ ನಗುವವರು ನಗಬಹುದು. ಆದರೆ ತಮ್ಮದಲ್ಲದ ಹಾಡಿಗೆ ಯಾರೂ ಅಷ್ಟು ಜಗಳವಾಡುವುದಿಲ್ಲ.

ಗೌರಿಬಿದನೂರು ತಾಲ್ಲೂಕಿನ ಶಾಲೆಗಳಲ್ಲಿ ಈಗ ಬೆಳಿಗ್ಗೆ ನಾಡಗೀತೆ, ರಾಷ್ಟ್ರಗೀತೆ ಎರಡನ್ನೂ ಹಾಡುತ್ತಾರೆ. ಮಕ್ಕಳಲ್ಲಿ ಕೆಲವರಿಗೆ ನಿದ್ದೆಯ ಮಂಪರು, ಕೆಲವರಿಗೆ ಹಿಂದಿನ ದಿನದ ಮನೆಗೆಲಸ ಮುಗಿಯದ ಚಿಂತೆ. ತುಟಿ ಆಡಿಸಿ ಮುಗಿಸಿಬಿಡುವವರೂ ಇರುತ್ತಾರೆ. ಬಯ್ಯಬೇಕಾಗಿಲ್ಲ. ನಿರ್ಭಯವಾಗಿ ಆಕಳಿಸುತ್ತ ಹಾಡುವುದಕ್ಕೂ ಒಂದು ಸ್ವಾತಂತ್ರ್ಯ ಬೇಕು. ಅದನ್ನು ತಂದುಕೊಟ್ಟವರಲ್ಲಿ ಕೆಲವರ ಹೆಸರು ಪಕ್ಕದ ಊರಿನ 1938ರ ಕಲ್ಲಿನ ಮೇಲಿದೆ.

ಆ ಮಕ್ಕಳ ಮನೆಗಳಲ್ಲಿ ತಾತಯ್ಯನ ಪದ ಬಲ್ಲ ಮುತ್ತಜ್ಜಿಯರು ಇನ್ನೂ ಇದ್ದಾರೆ. ಬಿತ್ತನೆಯ ಹಾಡು, ಬೀಸುವ ಹಾಡು, ಮೆರವಣಿಗೆಯ ಹಾಡು ಗೊತ್ತಿರುವ ಅಜ್ಜಂದಿರೂ ಇದ್ದಾರೆ. ಆ ಪದಗಳಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಯಾವ ಕಂಪನಿಯೂ ಅವರನ್ನು ಹುಡುಕಿಕೊಂಡು ಬರಲಿಲ್ಲ, ಬರುವುದೂ ಇಲ್ಲ. ಧ್ವನಿಮುದ್ರಣ ಯಂತ್ರ ಈಗ ಅಪ್ಪನ ಜೇಬಿನಲ್ಲಿಯೇ ಇದೆ. ಅದರಲ್ಲಿ ಹಾಡು ಕೇಳಬಹುದು ಎಂಬುದು ಮಕ್ಕಳಿಗೆ ಗೊತ್ತು. ಹಾಡು ಹಿಡಿಯಲೂಬಹುದು ಎಂಬುದನ್ನು ಯಾರಾದರೂ ನೆನಪಿಸಬೇಕು. ಬೇಸಿಗೆ ರಜೆಯಲ್ಲಿ ವಿದುರಾಶ್ವತ್ಥಕ್ಕೆ ಹೋದವರು ಸ್ಮಾರಕದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿ. ಊರಿಗೆ ಹಿಂದಿರುಗಿದ ಸಂಜೆ ಅಜ್ಜಿಯ ಪಕ್ಕ ಕುಳಿತು ಒಂದು ಪದ ಹೇಳಿಸಿಕೊಳ್ಳಲಿ. ಅಜ್ಜಿ ಎರಡನೆಯ ಸಾಲಿನಲ್ಲಿ ತಡವರಿಸಿದರೆ ಕಾಯಬೇಕು. ಮೂರನೆಯ ಸಾಲಿಗೆ ಮೊಮ್ಮಗಳೂ ದನಿಗೂಡಿಸಿದರೆ ಇನ್ನೂ ಒಳ್ಳೆಯದು.